ಮುಚ್ಚಿಡಿ ಸ್ವಾಮೀ, ಮರಳು ಸಾಕು!

ನಮ್ಮನೆ ಅಡುಗೆಕಟ್ಟೆಗೆ ಹಾಸಿರೋದು ಅಮೃತಶಿಲೆ. ಒಮ್ಮೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿ, ಹೋಳನ್ನ ಅಲ್ಲೇ ಬೋರಲು ಹಾಕಿ ಮರೆತೆ. ಬೆಳಿಗ್ಗೆ ನೋಡಿದರೆ ದುಂಡಗೆ ಮಚ್ಚೆ! ಎಷ್ಟು ತಿಕ್ಕಿದರೂ ಹೋಗಲಿಲ್ಲ, ಬೈಗುಳವೂ ತಪ್ಪಲಿಲ್ಲ. ಅಮೃತಶಿಲೆ ಅಂದ್ರೂ ಮೂಲದಲ್ಲಿ ಸುಣ್ಣಕಲ್ಲೇ ತಾನೆ, ಹುಳಿ ಬಿದ್ದರೆ ಕರಗುತ್ತೆ.

ಇದೇ ಕಲ್ಲು ಸಮುದ್ರದ ತಳದಲ್ಲಿದ್ದರೆ?

ಇಟಲಿಯ ನೇಪಲ್ಸ್ ಹತ್ತಿರ ಬಾಯಾ ಅಂತ ಊರಿದೆ. ಒಂದು ಕಾಲಕ್ಕೆ ರೋಮಿನ ಸಿರಿವಂತರು ಮೋಜಿಗೆ ಬರ್ತಿದ್ದ ಜಾಗ. ಜ್ವಾಲಾಮುಖಿ ಪ್ರದೇಶವಾದ್ದರಿಂದ ಅಲ್ಲಿನ ನೆಲ ಉಸಿರಾಡಿದ ಹಾಗೆ ಏರುತ್ತೆ, ಇಳಿಯುತ್ತೆ. ಹಾಗೆ ಇಳಿದಾಗ ಬಂಗಲೆಗಳು, ಸ್ನಾನಗೃಹಗಳು ನೀರಿಗೆ ಹೋದವು. 2002ರಿಂದ ಅದು ಸಂರಕ್ಷಿತ ಜಲಪ್ರದೇಶ. ಪಕ್ಕದ ಪೊಟ್ಸುವೊಲಿಯ ಹಳೇ ಮಾರುಕಟ್ಟೆಯಲ್ಲಿ ಅಮೃತಶಿಲೆಯ ಮೂರು ಕಂಬ ನಿಂತಿವೆ. ಮಧ್ಯಭಾಗದಲ್ಲಿ ಪಟ್ಟಿ ಕಟ್ಟಿದ ಹಾಗೆ ಬರೀ ತೂತು. ಕೊರೆದದ್ದು ಲಿಥೊಫಾಗ ಅನ್ನೋ ಚಿಪ್ಪುಜೀವಿ. ಹೆಸರಿನ ಅರ್ಥ ಕಲ್ಲುಬಾಕ. ಪಾಪ, ಅದು ಕಲ್ಲು ತಿನ್ನಲ್ಲ, ಕರಗಿಸಿ ಮನೆ ಮಾಡಿಕೊಳ್ಳುತ್ತೆ ಅಷ್ಟೆ. ಕಂಬಗಳು ಒಮ್ಮೆ ಮುಳುಗಿ ಎದ್ದಿವೆ ಅನ್ನೋದಕ್ಕೆ ಈ ತೂತುಗಳೇ ಸಾಕ್ಷಿ. ಚಾರ್ಲ್ಸ್ ಲಯೆಲ್ 1830ರ ತನ್ನ ಭೂವಿಜ್ಞಾನದ ಪುಸ್ತಕದ ಮುಖಚಿತ್ರಕ್ಕೆ ಇದೇ ಕಂಬಗಳನ್ನ ಹಾಕಿಕೊಂಡಿದ್ದ.

ಅಂದರೆ ಈ ಕಾಟ ಹೊಸದಲ್ಲ. ಹೊಸದು ನೀರು. ನಾವು ಸುಟ್ಟ ಹೊಗೆಯ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಸಮುದ್ರಕ್ಕೆ ಇಳಿಯುತ್ತೆ. ಕೈಗಾರಿಕೆಗಳು ಶುರುವಾದಾಗಿನಿಂದ ಮೇಲ್ನೀರಿನ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಬಂದಿದೆ. ಬರೀ 0.1 ಅಂತ ನಗಬೇಡಿ, ಆ ಅಳತೆಯ ಲೆಕ್ಕವೇ ಬೇರೆ. ಹುಳಿ ಹೆಚ್ಚುಕಡಿಮೆ ಕಾಲು ಪಾಲಿಗಿಂತ ಜಾಸ್ತಿಯಾಯ್ತು ಅಂತ ಅರ್ಥ. ಸಮುದ್ರವೇನೂ ನಿಂಬೆರಸ ಆಗಿಲ್ಲ, ಈಗಲೂ ಕ್ಷಾರವೇ. ಆದರೆ ಕಲ್ಲು ಕೊರೆಯೋ ಸ್ಪಂಜುಗಳು ತಾವೇ ಆಮ್ಲ ಸುರಿಸಿ ಕೆಲಸ ಮಾಡ್ತವೆ. ನೀರಿನ ಹುಳಿ ಏರಿದರೆ ಅವುಗಳ ಕೊರೆತ ಚುರುಕಾಗೋದನ್ನ ಪ್ರಯೋಗಗಳಲ್ಲಿ ಕಂಡಿದ್ದಾರೆ. ನಮ್ಮ ಮಹಾಬಲಿಪುರದ ಗ್ರಾನೈಟಿಗೆ ಈ ಭಯ ಅಷ್ಟಿಲ್ಲ ಬಿಡಿ.

ನೀರಿನಡಿಯ ಪರಂಪರೆಗೆ ಯುನೆಸ್ಕೋದ 2001ರ ಒಪ್ಪಂದವಿದೆ. ಸಿಕ್ಕಿದ್ದನ್ನ ಇದ್ದಲ್ಲೇ ಉಳಿಸೋದು ಮೊದಲ ಆಯ್ಕೆಯಾಗಬೇಕು ಅನ್ನುತ್ತೆ. ಒಳ್ಳೇದೇ, ಕಳ್ಳರ ಕೈಗೆ ಸಿಗೋದು ತಪ್ಪುತ್ತೆ. ನನ್ನ ತಕರಾರು ಇಷ್ಟೆ: ಇದ್ದಲ್ಲೇ ಬಿಡೋದು ಬೇರೆ, ಇದ್ದ ಹಾಗೇ ಬಿಡೋದು ಬೇರೆ. ಗ್ರೀಸಿನ ಆಂಟಿಕಿಥೆರಾ ಬಳಿ 1900ರಲ್ಲಿ ಸ್ಪಂಜು ತೆಗೆಯೋ ಮುಳುಗುಗಾರರಿಗೆ ಒಂದು ಹಡಗು ಸಿಕ್ತು. ಅದರಲ್ಲಿದ್ದ ಹುಡುಗನ ಅಮೃತಶಿಲೆ ಪ್ರತಿಮೆಯ ಫೋಟೋ ನೋಡಿ. ಮರಳಲ್ಲಿ ಹೂತಿದ್ದ ಕಡೆ ನಿನ್ನೆ ಕೆತ್ತಿದ ಹಾಗಿದೆ. ನೀರಿಗೆ ತೆರೆದಿದ್ದ ಕಡೆ ಗೆದ್ದಲು ತಿಂದ ಬಾಗಿಲು.

ಹಾಗಾಗಿ ನಾನು ಮರಳಿನ ಪಕ್ಷ. ಬಾಯಾದಲ್ಲಿ ಕೆಲವು ಶಿಲ್ಪಗಳ ಅಸಲನ್ನ ಮ್ಯೂಸಿಯಮ್ಮಿಗೆ ಒಯ್ದು ನೀರಲ್ಲಿ ನಕಲು ನಿಲ್ಲಿಸಿದ್ದಾರೆ, ಭೇಷ್! ಉಳಿದದ್ದನ್ನೂ ಅಳೆದು, ಫೋಟೋ ತೆಗೆದು, ಬಟ್ಟೆ ಹಾಸಿ ಮರಳು ಹೊದಿಸಿಬಿಡಲಿ. ಮುಳುಗು ಹಾಕಿಸೋ ಗೈಡುಗಳ ಹೊಟ್ಟೆಪಾಡು ಅಂತೀರಾ? ನಿಜ, ಅದಕ್ಕೇ ಒಂದೆರಡು ಕೋಣೆ ತೆರೆದಿರಲಿ. ಬಿರುಗಾಳಿಗೆ ಮರಳು ಸರಿಯುತ್ತೆ, ಆಗಾಗ ಹೋಗಿ ಮತ್ತೆ ಎಳೆಯಬೇಕು, ಖರ್ಚಿದೆ. ನಮ್ಮಜ್ಜಿ ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿ ವಾರಕ್ಕೊಮ್ಮೆ ಬಿಚ್ಚಿ ನೋಡ್ತಿದ್ದಳಲ್ಲ, ಅಂಥದೇ ಕೆಲಸ.