ಸಿಗುವುದಿಲ್ಲವೋ, ಕೊಡುವುದಿಲ್ಲವೋ?

‘ಇದರ ಪಾರ್ಟ್ಸ್ ಈಗ ಬರುವುದಿಲ್ಲ, ಹೊಸದು ತಗೊಂಡುಬಿಡಿ.’ ಕೆಟ್ಟುಹೋದ ಟಿ.ವಿ.ಯನ್ನೋ ವಾಷಿಂಗ್ ಮೆಷಿನ್ನನ್ನೋ ಸರಿಮಾಡಿಸಲು ಹೊರಟವರೆಲ್ಲ ಕೇಳಿ ಬಂದಿರುವ ಮಾತಿದು. ಮಳೆ ಬರುವುದಿಲ್ಲ ಎಂದರೆ ಒಪ್ಪಿಕೊಳ್ಳುವಂತೆ ನಾವು ಇದನ್ನೂ ಒಪ್ಪಿಕೊಂಡು ಮನೆಗೆ ಬರುತ್ತೇವೆ. ಆದರೆ ಪಾರ್ಟ್ಸ್ ಆಕಾಶದಿಂದ ಉದುರುವ ವಸ್ತುವೇ? ಅದನ್ನು ತಯಾರಿಸುವವರಿದ್ದಾರೆ. ತಯಾರಿಸುವುದನ್ನು ನಿಲ್ಲಿಸುವವರೂ ಅವರೇ.

ನಮ್ಮ ಅಡುಗೆಮನೆಯ ಮಿಕ್ಸಿಯನ್ನೇ ನೋಡಿ. ಅದರ ಕಾರ್ಬನ್, ಕಪ್ಲರ್, ಜಾರಿನ ಬುಷ್ ಸಣ್ಣ ಪೇಟೆಯ ಅಂಗಡಿಯಲ್ಲೂ ಸಿಗುತ್ತವೆ. ಆದ್ದರಿಂದಲೇ ತಾಯಿಯ ಮಿಕ್ಸಿ ಮಗಳ ಕಾಲಕ್ಕೂ ತಿರುಗುತ್ತಿರುತ್ತದೆ. ಈಗ ಎಲ್‌ಇಡಿ ಟಿ.ವಿ.ಗೆ ಬನ್ನಿ. ಧ್ವನಿ ಬರುತ್ತದೆ, ಪರದೆ ಕತ್ತಲು. ಎಷ್ಟೋ ಸಲ ಪರದೆಯ ಹಿಂದಿನ ಸಾಲಿನಲ್ಲಿ ಒಂದು ಪುಟ್ಟ ದೀಪ ಸತ್ತಿರುತ್ತದೆ, ಅಷ್ಟೇ. ಆದರೆ ಆ ಮಾಡೆಲ್‌ಗೆ ಹೊಂದುವ ಪಟ್ಟಿ ಸಿಗದಿದ್ದರೆ ಇಡೀ ಟಿ.ವಿ. ಗುಜರಿಗೆ. ವಾಷಿಂಗ್ ಮೆಷಿನ್ನಿನ ಬೋರ್ಡಿನ ಮೇಲೆ ತೇವ ತಾಗದಂತೆ ಅಂಟು ಸುರಿದಿರುತ್ತಾರೆ. ಒಂದು ಕೆಪಾಸಿಟರ್ ಹೋದರೂ ಇಡೀ ಬೋರ್ಡನ್ನೇ ಬದಲಿಸಿ ಎನ್ನುತ್ತಾರೆ. ಆ ಬೋರ್ಡೂ ಸ್ಟಾಕಿಲ್ಲ!

ಹಳೆಯ ಕಾಲ ಹೀಗಿರಲಿಲ್ಲ. ಎಷ್ಟೋ ರೇಡಿಯೋಗಳ ಜೊತೆಗೇ ಸರ್ಕ್ಯೂಟಿನ ನಕ್ಷೆ ಬರುತ್ತಿತ್ತು. ಟ್ರಾನ್ಸಿಸ್ಟರುಗಳು ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲೇ ತಯಾರಾಗುತ್ತಿದ್ದವು. ಶಾಲೆ ಅರ್ಧಕ್ಕೆ ಬಿಟ್ಟ ಹುಡುಗರು ಉಸ್ತಾದರ ಪಕ್ಕ ಕೂತು, ಬೆಸುಗೆಯ ಹೊಗೆ ಕುಡಿಯುತ್ತ ಒಂದು ವಿದ್ಯೆ ಕಲಿತರು. ಅವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದರು. ಇಂದಿಗೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಹುಡುಕುತ್ತ, ಸತ್ತ ಸೆಟ್ಟಿನ ಬೋರ್ಡು ಕಿತ್ತು ಇನ್ನೊಂದಕ್ಕೆ ಜೀವ ಕೊಡುವವರು ಇಂಥವರೇ. ಪಾರ್ಟ್ಸ್ ನಿಂತರೆ ನಮ್ಮ ಟಿ.ವಿ. ಮಾತ್ರ ಕೆಡುವುದಿಲ್ಲ, ಅವರ ಅನ್ನವೂ ಕೆಡುತ್ತದೆ.

ತಂತ್ರಜ್ಞಾನ ಬದಲಾಗುತ್ತದೆ, ಹೊಸದು ಕರೆಂಟು ಉಳಿಸುತ್ತದೆ ಎನ್ನುತ್ತಾರೆ. ಇಪ್ಪತ್ತು ವರ್ಷದ ಫ್ರಿಜ್ಜಿನ ವಿಷಯದಲ್ಲಿ ಈ ಮಾತು ನಿಜವಿರಬಹುದು. ಆದರೆ ಕಂತಿನ ಸಾಲ ತೀರಿದ ಮರುವರ್ಷವೇ ಕೆಟ್ಟ ಟಿ.ವಿ.ಗೂ ಇದೇ ಸಮಾಧಾನವೇ?

ಸರಕಾರ ಸುಮ್ಮನೆ ಕೂತಿದೆ ಎನ್ನಲಾಗದು. ದುರಸ್ತಿಯ ಹಕ್ಕಿಗಾಗಿ 2022ರ ಜುಲೈಯಲ್ಲಿ ಸಮಿತಿ ರಚಿಸಿತು, ಡಿಸೆಂಬರಿನಲ್ಲಿ ಜಾಲತಾಣ ತೆರೆಯಿತು. ಅಲ್ಲಿ ಕಂಪನಿಗಳ ದೂರವಾಣಿ ಸಂಖ್ಯೆ, ಸರ್ವಿಸ್ ಸೆಂಟರುಗಳ ಮಾಹಿತಿ ಇದೆ. ಆದರೆ ಇಂತಿಷ್ಟು ವರ್ಷ ಬಿಡಿಭಾಗ ಕೊಡಲೇಬೇಕೆಂದು ಅದು ಯಾವ ಕಂಪನಿಯನ್ನೂ ಕಟ್ಟಿಹಾಕುವುದಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಹಳೆಯ ಸಾಮಾನಿನ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅಂದರೆ ಹೆಣಕ್ಕೆ ವಾರಸುದಾರರಿದ್ದಾರೆ, ರೋಗಿಗೆ ಮಾತ್ರ ಯಾರೂ ಇಲ್ಲ!

ಯುರೋಪ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಟಿ.ವಿ. ಮತ್ತು ಫ್ರಿಜ್ಜಿನ ಮುಖ್ಯ ಬಿಡಿಭಾಗಗಳನ್ನು ಕನಿಷ್ಠ 7 ವರ್ಷ, ವಾಷಿಂಗ್ ಮೆಷಿನ್ನಿನವನ್ನು 10 ವರ್ಷ ಒದಗಿಸಬೇಕು. ಮಾಡೆಲಿನ ಮಾರಾಟ ನಿಂತ ಮೇಲೆ ಈ ಲೆಕ್ಕ ಶುರುವಾಗುತ್ತದೆ. ಅಲ್ಲಿ ಮಾರುವ ಹಲವು ಕಂಪನಿಗಳೇ ಇಲ್ಲಿಯೂ ಮಾರುತ್ತಿವೆ. ಅಲ್ಲಿ ಸಿಗುವ ಪಾರ್ಟ್ಸ್ ಇಲ್ಲಿಗೆ ಬರುವಾಗ ದಾರಿ ತಪ್ಪುತ್ತದೆಯೇ?

ನಮಗೂ ಇಂಥದೇ ಕಾನೂನು ಬೇಕು. ಬಿಡಿಭಾಗವೂ ನಕ್ಷೆಯೂ ಕಂಪನಿಯ ಸರ್ವಿಸ್ ಸೆಂಟರಿಗಷ್ಟೇ ಅಲ್ಲ, ನಮ್ಮ ಬೀದಿಯ ಮೆಕ್ಯಾನಿಕ್‌ಗೂ ನ್ಯಾಯವಾದ ಬೆಲೆಗೆ ಸಿಗಬೇಕು. ಅಲ್ಲಿಯವರೆಗೆ ನಾವೂ ಒಂದು ಕೆಲಸ ಮಾಡೋಣ. ಅಂಗಡಿಗೆ ಹೋದಾಗ ಎಷ್ಟು ಡಿಸ್ಕೌಂಟ್ ಎಂದು ಕೇಳುವ ಮೊದಲು, ಇದರ ಪಾರ್ಟ್ಸ್ ಎಷ್ಟು ವರ್ಷ ಕೊಡುತ್ತೀರಿ, ಬಿಲ್ಲಿನ ಮೇಲೆ ಬರೆದುಕೊಡಿ ಎಂದು ಕೇಳೋಣ. ಒಬ್ಬರು ಕೇಳಿದರೆ ನಕ್ಕಾರು. ಊರೆಲ್ಲ ಕೇಳಿದರೆ ಉತ್ತರಿಸಲೇಬೇಕಾಗುತ್ತದೆ.