ಬಾಗಿಲ ಮೇಲೆ ಎರಡನೆಯ ಬೀಗ

ಕಳೆದ ತಿಂಗಳು ನಮ್ಮ ಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರು ಬೆಳಿಗ್ಗೆ ಅಂಗಡಿ ತೆರೆಯಲು ಬಂದಾಗ ತಮ್ಮ ಬೀಗದ ಪಕ್ಕದಲ್ಲಿ ಇನ್ನೊಂದು ಬೀಗ ತೂಗುತ್ತಿತ್ತು. ಎರಡು ತಿಂಗಳ ಬಾಡಿಗೆ ಬಾಕಿಯಿದ್ದುದು ನಿಜ. ಅದನ್ನು ಅವರೂ ಅಲ್ಲಗಳೆಯುವುದಿಲ್ಲ. ಒಳಗೆ ಬೆಲ್ಲ ಇರುವೆಯ ಪಾಲಾಯಿತು, ಬಾಳೆಹಣ್ಣು ಕೊಳೆಯಿತು, ಉದ್ದರಿ ಪುಸ್ತಕವೂ ಒಳಗೇ ಉಳಿಯಿತು. ಅಂಗಡಿ ಮುಚ್ಚಿಸಿದರೆ ಬಾಕಿ ತೀರುವುದು ಹೇಗೆ ಎಂದು ನಾವು ಕೇಳಿದೆವು. "ಕಟ್ಟಡ ನನ್ನದು" ಎಂದರು ಮಾಲೀಕ ಮಹಾಶಯರು. "ಇದು ಸಿವಿಲ್ ವ್ಯವಹಾರ" ಎಂದರು ಠಾಣೆಯವರು.

ಕಟ್ಟಡ ಅವರದೇ, ಒಪ್ಪಿದೆವು. ಆದರೆ ಬಾಡಿಗೆ ಎಣಿಸಿಕೊಂಡ ದಿನ ಸ್ವಾಧೀನ ಕೈಬದಲಾಯಿತು. ಅತ್ತೆಯ ಸೊಂಟದ ಬೀಗದ ಕೈ ಸೊಸೆಯ ಸೊಂಟಕ್ಕೆ ಬಂದರೆ ಏನರ್ಥವೆಂದು ನಮ್ಮ ಹೆಂಗಸರಿಗೆ ಯಾವ ವಕೀಲರೂ ಹೇಳಿಕೊಡಬೇಕಾಗಿಲ್ಲ. ಬಾಕಿಯಿದ್ದರೆ ನೋಟೀಸು ಕೊಡಲಿ, ದಾವೆ ಹೂಡಲಿ. ತಿಂಗಳ ಬಾಡಿಗೆಯವನಿಗೂ ಬೇರೆ ಕರಾರಿಲ್ಲದಿದ್ದರೆ 15 ದಿನಗಳ ನೋಟೀಸು ಕೊಡಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆಯೇ ಹೇಳುತ್ತದೆ. ಬ್ರಿಟಿಷರು ಮಾಡಿದ ಕಾಯಿದೆಗಿದ್ದಷ್ಟು ದಾಕ್ಷಿಣ್ಯವೂ ನಮ್ಮ ಊರಿನ ಧನಿಕರಿಗಿಲ್ಲವೆ?

1999ರ ಕರ್ನಾಟಕ ಬಾಡಿಗೆ ಕಾಯಿದೆ 14 ಚದರ ಮೀಟರಿಗೆ ಮೀರಿದ ಮಳಿಗೆಗಳನ್ನು ಹೊರಗಿಟ್ಟಿದೆಯೆಂದು ಹಲವರು ಕೈಚೆಲ್ಲಿ ಕೂತಿದ್ದಾರೆ. ಕೂರಬೇಕಾಗಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮು ಮಳಿಗೆಯ ಅಳತೆ ಕೇಳುವುದಿಲ್ಲ. ಕಾನೂನಿನ ಕ್ರಮವಿಲ್ಲದೆ ಹೊರಹಾಕಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹೂಡಿದರೆ ಸ್ವಾಧೀನ ಮರಳಿ ಪಡೆಯಬಹುದು. ಮಾಲೀಕತ್ವ ಯಾರದೆಂಬ ವಾದ ಅಲ್ಲಿ ಅಡ್ಡಬರುವುದಿಲ್ಲ. ಆರು ತಿಂಗಳು ಕಳೆದರೆ ಈ ದಾರಿ ಮುಚ್ಚಿತು. "ನೋಡೋಣ, ಮಾತಾಡೋಣ" ಎಂದು ಮಾಲೀಕರು ದಿನ ದೂಡುವುದು ಸುಮ್ಮನೆಯಲ್ಲ.

ಇಷ್ಟು ಓದಿ ತಲೆದೂಗಿದ ವ್ಯಾಪಾರಿ ಬಂಧುಗಳಿಗೂ ಒಂದು ಮಾತಿದೆ. ಹಿತ್ತಲಲ್ಲಿ ಎರಡು ಕೋಣೆ ಕಟ್ಟಿಸಿ ಗಿರಣಿ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟವರು ನಿಮ್ಮಲ್ಲೇ ಇದ್ದಾರೆ. ಆ ಕೋಣೆಗಳ ಜೋಡಿ ಕೈ ನಿಮ್ಮ ಗೋಡೆಯ ಮೊಳೆಯಲ್ಲಿ ತೂಗುತ್ತಿಲ್ಲವೆ? ಗಂಡ ರಾತ್ರಿ ಪಾಳಿಗೆ ಹೋದಾಗ "ನಲ್ಲಿ ನೋಡಬೇಕಿತ್ತು" ಎಂದು ಬಾಗಿಲು ತೆರೆಯುವವರಿಗೆ ನಾಚಿಕೆಯಾಗಬೇಕು. 24 ಗಂಟೆ ಮುಂಚೆ ತಿಳಿಸದೆ ಮಾಲೀಕನು ಒಳಹೋಗಬಾರದೆಂದು 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿದೆ. ಅದು ಬರಿಯ ಮಾದರಿ. ರಾಜ್ಯ ಶಾಸನ ಮಾಡದೆ ಜಾರಿಗೆ ಬಾರದು. ಆದರೆ ಮರ್ಯಾದೆಗೆ ಶಾಸನಸಭೆಯ ಅಪ್ಪಣೆ ಬೇಕೆ?

ತಪ್ಪು ನಮ್ಮದೂ ಇದೆ. 1951ರಲ್ಲಿ ಕಾಗೋಡಿನ ಗೇಣಿದಾರರೊಡನೆ ನಿಂತು ಹೊಲ ಯಾರದೆಂದು ಕೇಳಿದ ಚಳವಳಿ ನಮ್ಮದು. ಪಟ್ಟಣದಲ್ಲಿ ಬಾಗಿಲು ಯಾರದೆಂದು ಕೇಳುವುದನ್ನು ವಕೀಲರಿಗೆ ಬಿಟ್ಟು ಕೂತೆವು.

ಬಾಡಿಗೆಗೆ ಹೋದ ದಿನವೇ ಸ್ವಂತ ಬೀಗ ಕೊಂಡು ಹಾಕಿ. ಬೆಂಕಿ, ನೀರಿನ ಭಯವಿದ್ದರೆ ಜೋಡಿ ಕೈಯನ್ನು ಇಬ್ಬರೂ ನಂಬುವ ನೆರೆಯವರಲ್ಲಿ, ಸಹಿ ಮಾಡಿದ ಲಕೋಟೆಯಲ್ಲಿಡಿ. ಖಾಲಿ ಮಾಡುವಾಗ ಬೀಗದ ಕೈ ಕೊಟ್ಟದ್ದಕ್ಕೆ ತಾರೀಖು ಹಾಕಿಸಿ ರಶೀದಿ ಪಡೆಯಿರಿ. "ಕೈ ನನಗೆ ಬಂದೇ ಇಲ್ಲ" ಎಂದು ಮುಂಗಡದಲ್ಲಿ ಮೂರು ತಿಂಗಳು ಮುರಿದುಕೊಂಡವರನ್ನು ನಾವು ಕಂಡಿದ್ದೇವೆ.

ಪೇಟೆಯ ಆ ಬೀಗ ಇನ್ನೂ ತೂಗುತ್ತಿದೆ. ದಾವೆಯ ಕಾಗದ ಸಿದ್ಧವಾಗಿದೆ. ಇಂಥದೇ ಬೀಗ ಬಿದ್ದವರು ಶುಕ್ರವಾರ ಸಂಜೆ ಪಕ್ಷದ ಕಚೇರಿಗೆ ಬಾಡಿಗೆ ರಶೀದಿಗಳೊಡನೆ ಬರಲಿ. ರಶೀದಿಯೇ ಕೊಡದ ಮಾಲೀಕರಿದ್ದರೆ ಅಕ್ಕಪಕ್ಕದ ಇಬ್ಬರನ್ನು ಕರೆತರಲಿ.