ನೆನಪು ಕೆಟ್ಟ ಪುಟ್ಟ ಗಣಕ

ಇಡೀ ಕಂಪ್ಯೂಟರನ್ನು ಅಂಗೈಯಗಲದ ಒಂದೇ ಹಲಗೆಯ ಮೇಲೆ ಕೂಡಿಸಿದ ರಾಸ್ಪ್‌ಬೆರಿ ಪೈ ಬ್ರಿಟನ್ನಿನಲ್ಲಿ ಬಿಡುಗಡೆಯಾದದ್ದು 2012ರ ಫೆಬ್ರವರಿ 29ರಂದು. ಮಕ್ಕಳು ಪ್ರೋಗ್ರಾಮ್ ಬರೆಯಲು ಕಲಿಯಲಿ ಎಂಬುದು ಅದನ್ನು ರೂಪಿಸಿದವರ ಆಸೆ. ಇಂದು ವಿಜ್ಞಾನ ಪ್ರದರ್ಶನಗಳಲ್ಲಿ, ಎಂಜಿನಿಯರಿಂಗ್ ಪ್ರಾಜೆಕ್ಟುಗಳಲ್ಲಿ ಅದರದ್ದೇ ಓಡಾಟ. ಜೊತೆಗೆ ಒಂದು ಗೋಳೂ ಇದೆ. ನಿನ್ನೆಯವರೆಗೆ ಸರಿಯಿದ್ದ ಹಲಗೆ ಇಂದು ಆಮೆಯಂತೆ ತೆವಳುತ್ತದೆ, ನಡುವೆಯೇ ಸ್ತಬ್ಧವಾಗುತ್ತದೆ, ಇಲ್ಲವೇ ಚಾಲೂ ಆಗುವುದೇ ಇಲ್ಲ. ‘ಮೆಮೊರಿ ಸಾಲದು, ದೊಡ್ಡದು ಕೊಡಿಸಿ’ ಎಂದು ಮಗಳು. ‘ಮೊನ್ನೆ ತಾನೇ ಕೊಡಿಸಿದ್ದಲ್ಲವೇನಮ್ಮ’ ಎಂದು ಅಪ್ಪ. ಮೇಜಿನ ಮೇಲಿನ ಕಂಪ್ಯೂಟರಿಗಾದರೆ ಇನ್ನೊಂದು ರ‍್ಯಾಮ್ ಪಟ್ಟಿ ಸಿಕ್ಕಿಸಬಹುದು. ಇಲ್ಲಿ ರ‍್ಯಾಮ್ ಹಲಗೆಗೇ ಬೆಸುಗೆಯಾಗಿರುತ್ತದೆ. ಹೆಚ್ಚು ಬೇಕೆಂದರೆ ಹೊಸ ಹಲಗೆಯನ್ನೇ ಕೊಳ್ಳಬೇಕು. ಆದುದರಿಂದ ಕಿಸೆಗೆ ಕೈ ಹಾಕುವ ಮುನ್ನ ಕೆಟ್ಟಿರುವುದು ಯಾವ ನೆನಪು ಎಂದು ತಿಳಿಯುವುದು ಲೇಸು.

ಏಕೆಂದರೆ ಗಣಕಕ್ಕೆ ನೆನಪು ಎರಡು ಬಗೆಯದು. ರ‍್ಯಾಮ್ ಎಂಬುದು ಅಡುಗೆಮನೆಯ ಕಟ್ಟೆ ಇದ್ದಂತೆ. ಕೆಲಸ ನಡೆಯುವುದು ಅಲ್ಲಿ, ಕರೆಂಟು ಹೋದರೆ ಎಲ್ಲವೂ ಖಾಲಿ. ಮೆಮೊರಿ ಕಾರ್ಡು ಅಥವಾ ಫ್ಲ್ಯಾಶ್ ಎಂಬುದು ಉಗ್ರಾಣ. ಇಟ್ಟದ್ದು ಅಲ್ಲೇ ಉಳಿಯುತ್ತದೆ. ಉಗ್ರಾಣದ ಅವ್ಯವಸ್ಥೆ ಕಟ್ಟೆಯನ್ನು ಹೇಗೆ ಕೆಡಿಸಬಲ್ಲದು ಎಂಬುದಕ್ಕೆ ಮಂಗಳ ಗ್ರಹದಲ್ಲಿ ನಡೆದ ಒಂದು ಪ್ರಸಂಗವಿದೆ.

ಅಮೆರಿಕದ ನಾಸಾ ಸಂಸ್ಥೆಯ ‘ಸ್ಪಿರಿಟ್’ ಎಂಬ ಗಾಡಿ 2004ರ ಜನವರಿಯಲ್ಲಿ ಮಂಗಳದ ಮೇಲೆ ಇಳಿಯಿತು. ಅದರ ಮಿದುಳೂ ಒಂದೇ ಹಲಗೆಯ ಗಣಕವೇ. ರ‍್ಯಾಮ್ 128 ಮೆಗಾಬೈಟ್, ಫ್ಲ್ಯಾಶ್ 256 ಮೆಗಾಬೈಟ್. ಇಂದಿನ ಅಗ್ಗದ ಫೋನಿನ ಮುಂದೆ ಇದು ಏನೇನೂ ಅಲ್ಲ. ಜನವರಿ 21ರಂದು, ‘ಅಡಿರಾಂಡಾಕ್’ ಎಂದು ಹೆಸರಿಟ್ಟ ಬಂಡೆಯೆದುರು ನಿಂತಿದ್ದ ಗಾಡಿ ಸರಿಯಾಗಿ ಮಾತನಾಡುವುದನ್ನೇ ನಿಲ್ಲಿಸಿತು. ಆಸ್ಟ್ರೇಲಿಯದ ಕ್ಯಾನ್‌ಬೆರಾ ಕೇಂದ್ರದಲ್ಲಿ ಗುಡುಗುಮಳೆಯಾಗಿದ್ದರಿಂದ ಮೊದಲ ಗುಮಾನಿ ಅದರ ಮೇಲೆ ಹೋಯಿತು. ನಿಜ ಸಂಗತಿ ಬೇರೆಯಿತ್ತು. ಗಣಕ ಚಾಲೂ ಆಗುವುದು, ಕುಸಿಯುವುದು, ಮತ್ತೆ ಚಾಲೂ ಆಗುವುದು, ಹೀಗೆ 60ಕ್ಕೂ ಹೆಚ್ಚು ಬಾರಿ ನಡೆದಿತ್ತು. ರಾತ್ರಿ ನಿದ್ರೆ ಮಾಡಬೇಕಾದ ಯಂತ್ರ ಎಚ್ಚರವಾಗಿಯೇ ಇದ್ದು ಬ್ಯಾಟರಿ ಬರಿದಾಗುತ್ತಿತ್ತು. ಸ್ಕ್ರೂಡ್ರೈವರ್ ಹಿಡಿದು ಹೋಗುವಷ್ಟು ಹತ್ತಿರದ ಜಾಗವೂ ಅದಲ್ಲ!

ಎಂಜಿನಿಯರುಗಳು ಮಾಡಿದ ಉಪಾಯ ಸರಳ. ಫ್ಲ್ಯಾಶಿನ ತಂಟೆಗೇ ಹೋಗದೆ ಚಾಲೂ ಆಗು ಎಂದು ಗಾಡಿಗೆ ಆದೇಶ ಕಳಿಸಿದರು. ಅದು ತೆಪ್ಪಗೆ ಎದ್ದು ಕುಳಿತಿತು. ಅಲ್ಲಿಗೆ ದೋಷದ ಜಾಡು ಸಿಕ್ಕಂತಾಯಿತು. ಪ್ರಯಾಣದ ತಿಂಗಳುಗಳಿಂದಲೂ ಫ್ಲ್ಯಾಶಿನಲ್ಲಿ ಕಡತಗಳು ಗುಡ್ಡೆಬಿದ್ದಿದ್ದವು. ಚಾಲೂ ಆದಾಗಲೆಲ್ಲ ಅವುಗಳ ಪಟ್ಟಿಯನ್ನು ರ‍್ಯಾಮಿಗೆ ತಂದುಕೊಳ್ಳಬೇಕು. ಆ ಪಟ್ಟಿಯೇ ಬೆಳೆದು ಅದಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ಹಿಡಿಸದಾಗಿತ್ತು. ಚಿಪ್ಪು ಯಾವುದೂ ಸುಟ್ಟಿರಲಿಲ್ಲ. ಹಳೆಯ ಕಡತಗಳನ್ನು ಅಳಿಸಿ, ಫೆಬ್ರವರಿ ಮೊದಲ ವಾರದಲ್ಲಿ ಫ್ಲ್ಯಾಶನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಲಾಯಿತು. 90 ದಿನ ಬಾಳಿದರೆ ಸಾಕೆಂದು ಕಳಿಸಿದ್ದ ಸ್ಪಿರಿಟ್ 2010ರ ಮಾರ್ಚ್‌ವರೆಗೂ ಸುದ್ದಿ ಕಳಿಸುತ್ತಿತ್ತು.

ಮನೆಯ ಹಲಗೆಗೂ ಇದೇ ಕ್ರಮ ಒಗ್ಗುತ್ತದೆ. ಆದರೆ ಮೊದಲು ನೋಡಬೇಕಾದದ್ದು ಮೆಮೊರಿಯನ್ನಲ್ಲ, ಅಡಾಪ್ಟರನ್ನು. ಪೈಗೆ 5 ವೋಲ್ಟ್ ಬೇಕು. ಹಳೆಯ ಫೋನ್ ಚಾರ್ಜರಿಗೆ ಹಚ್ಚಿದಾಗ ಅದು ಸುಮಾರು 4.6ಕ್ಕಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಸಿಡಿಲಿನ ಗುರುತು ಕಾಣಿಸಿಕೊಳ್ಳುತ್ತದೆ. ಆಗಿನ ಕುಸಿತಗಳಿಗೆ ಮೆಮೊರಿಯನ್ನು ದೂರಿ ಫಲವಿಲ್ಲ.

ವಿದ್ಯುತ್ ಸರಿಯಿದ್ದರೆ ಟರ್ಮಿನಲ್ಲಿನಲ್ಲಿ ‘ಫ್ರೀ’ ಆದೇಶ ಕೊಟ್ಟು ನೋಡಬೇಕು. ಇಲ್ಲಿ ಬಹುಪಾಲು ಮಂದಿ ಎಡವುತ್ತಾರೆ. ‘ಫ್ರೀ’ ಎಂಬ ಕಂಬಸಾಲಿನಲ್ಲಿ ಅಲ್ಪ ಸಂಖ್ಯೆ ಕಂಡು ಗಾಬರಿಯಾಗುತ್ತಾರೆ. ಲಿನಕ್ಸ್ ಖಾಲಿ ರ‍್ಯಾಮನ್ನು ಸುಮ್ಮನೆ ಬಿಡದೆ, ಕಾರ್ಡಿನಿಂದ ಓದಿದ್ದನ್ನು ಅಲ್ಲಿ ತುಂಬಿಟ್ಟುಕೊಂಡು, ಬೇಕಾದಾಗ ತೆರವು ಮಾಡುತ್ತದೆ. ಗಮನಿಸಬೇಕಾದ ಅಂಕಿ ‘ಅವೈಲಬಲ್’ ಎಂಬ ಸಾಲಿನದು. ಹತ್ತು ಹತ್ತು ನಿಮಿಷಕ್ಕೊಮ್ಮೆ ಅದನ್ನು ಗುರುತು ಹಾಕಿಕೊಂಡಾಗ ಒಂದೇ ಸಮನೆ ಇಳಿಯುತ್ತಿದ್ದರೆ, ಸೋರಿಕೆ ವಿದ್ಯಾರ್ಥಿಯ ಪ್ರೋಗ್ರಾಮಿನಲ್ಲೇ ಇರುವ ಸಂಭವ ಹೆಚ್ಚು. ಕ್ಯಾಮೆರಾ ತೆಗೆದ ಪ್ರತಿ ಚಿತ್ರವನ್ನೂ ಪಟ್ಟಿಗೆ ಸೇರಿಸುತ್ತ, ಒಂದನ್ನೂ ಕೈಬಿಡದ ಪ್ರೋಗ್ರಾಮಿಗೆ 8 ಗಿಗಾಬೈಟ್ ಹಲಗೆ ಕೊಡಿಸಿದರೂ ಕುಸಿತ ಕೊಂಚ ತಡವಾಗುತ್ತದೆ, ಅಷ್ಟೇ. ಲಿನಕ್ಸ್ ತಾನೇ ಪ್ರೋಗ್ರಾಮನ್ನು ಕೊಂದಿದ್ದರೆ, ‘ಡಿಮೆಸೆಜ್’ ಆದೇಶ ತೋರಿಸುವ ದಾಖಲೆಯಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಸಿಗುತ್ತದೆ.

ಇನ್ನು ಚಾಲೂ ಆಗದ ಹಲಗೆಗೆ ಸ್ಪಿರಿಟ್‌ನ ಮದ್ದು: ಹಳೆಯ ಕಾರ್ಡನ್ನು ತೆಗೆದಿಟ್ಟು, ಬೇರೊಂದು ಕಾರ್ಡಿನಲ್ಲಿ ಹೊಸದಾಗಿ ವ್ಯವಸ್ಥೆಯನ್ನು ಬರೆದು ಹಾಕುವುದು. ಎದ್ದಿತೋ, ಹಲಗೆ ಗಟ್ಟಿ. ದೋಷ ಹಳೆಯ ಕಾರ್ಡಿನಲ್ಲಿ. ಬರೆಯುತ್ತಿರುವಾಗಲೇ ಪ್ಲಗ್ ಕಿತ್ತರೆ ಕಾರ್ಡಿನ ಕಡತಗಳು ಕೆಡುತ್ತವೆ. ಹೊರಮೈಯಲ್ಲಿ 64 ಎಂದು ಬರೆದು ಒಳಗೆ ಅಷ್ಟಿಲ್ಲದ ನಕಲಿ ಕಾರ್ಡುಗಳೂ ಪೇಟೆಯಲ್ಲಿವೆ. ಹೊಸ ಕಾರ್ಡು, ಒಳ್ಳೆಯ ಅಡಾಪ್ಟರ್ ಎರಡೂ ಇದ್ದು ಮತ್ತೆ ಮತ್ತೆ ಸ್ತಬ್ಧವಾದರೆ ‘ಮೆಮ್‌ಟೆಸ್ಟರ್’ ಪ್ರೋಗ್ರಾಮನ್ನು ಒಂದು ರಾತ್ರಿ ಓಡಲು ಬಿಡಬೇಕು. ಬೆಳಗಿಗೆ ಅದು ತಪ್ಪು ತೋರಿಸಿದರೆ, ಬಿಲ್ಲು ಹುಡುಕಿಕೊಂಡು ಹಲಗೆಯನ್ನು ಅಂಗಡಿಗೆ ಒಯ್ಯಬಹುದು.